ಮಧ್ಯಯುಗದ ಮ್ಯಾನರ್: ಯಾರು ಎಲ್ಲಿದ್ದರು, ಕಾಳು ಎಲ್ಲಿಗೆ ಹೋಯಿತು

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಧ್ಯಯುಗದ ಯುರೋಪಿನ ಪಾಠಕ್ಕಾಗಿ ನಮ್ಮ ಮಕ್ಕಳು ಇಂಗ್ಲೆಂಡಿನ ಒಂದು ಮ್ಯಾನರ್‌ನ ಮಾದರಿ ತಯಾರಿಸುತ್ತಿದ್ದಾರೆ. ನಮ್ಮ ಬಳಿ ಇರುವ ಚಿತ್ರದಲ್ಲಿ ನಡುವೆ ಕೋಟೆಯಂಥ ದೊಡ್ಡ ಮನೆ, ಸುತ್ತ ಗುಡಿಸಲುಗಳು, ಒಂದು ಚರ್ಚು, ಒಂದು ಗಿರಣಿ, ಮೂರು ಹೊಲಗಳು ಇವೆ. ಮ್ಯಾನರ್ ಎಂದರೆ ಆ ದೊಡ್ಡ ಮನೆಯೇ ಅಥವಾ ಇಡೀ ಹಳ್ಳಿಯೇ? ಎಲ್ಲ ಕಡೆಯೂ ಚಿತ್ರದಲ್ಲಿ ಇರುವಂತೆಯೇ ಇತ್ತೇ? ರೈತರ ಮನೆಗಳು ನಿಜಕ್ಕೂ ಹೇಗಿದ್ದವು?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಗೊಂದಲಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಮ್ಯಾನರ್ ಎಂಬುದು ಮೂಲತಃ ಕಟ್ಟಡದ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ. ಅದು ಒಬ್ಬ ಒಡೆಯನಿಗೆ ಸೇರಿದ ಹಕ್ಕುಗಳ ಒಂದು ಕಂತೆ. ಇಂತಿಷ್ಟು ಭೂಮಿ, ಆ ಭೂಮಿಯನ್ನು ಉಳುವ ಒಕ್ಕಲುಗಳಿಂದ ಬರಬೇಕಾದ ಗೇಣಿ ಮತ್ತು ಬಿಟ್ಟಿ ದುಡಿಮೆ, ಗಿರಣಿಯ ಆದಾಯ, ಊರಿನ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರ್ಮಾನಿಸಿ ದಂಡ ವಸೂಲು ಮಾಡುವ ಅಧಿಕಾರ, ಇವೆಲ್ಲ ಸೇರಿ ಮ್ಯಾನರ್ ಆಗುತ್ತಿತ್ತು. ನಮ್ಮ ‘ಜಹಗೀರು’ ಎಂಬ ಪದ ಇದಕ್ಕೆ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಜಹಗೀರಿನಲ್ಲಿ ಕಂದಾಯದ ಹಕ್ಕೇ ಮುಖ್ಯವಾದರೆ, ಇಂಗ್ಲೆಂಡಿನ ಮ್ಯಾನರ್‌ನಲ್ಲಿ ಒಡೆಯನು ಊರಿನ ಭೂಮಿಯ ಒಂದು ದೊಡ್ಡ ಭಾಗವನ್ನು ತನ್ನ ಸ್ವಂತಕ್ಕೆಂದು ಇಟ್ಟುಕೊಂಡು, ಅದನ್ನು ಒಕ್ಕಲುಗಳ ಕೈಯಿಂದ ಬೇಸಾಯ ಮಾಡಿಸುತ್ತಿದ್ದನು. ಒಬ್ಬ ಒಡೆಯನಿಗೆ ಹತ್ತಾರು ಮ್ಯಾನರ್‌ಗಳಿರುವುದು ಸಾಮಾನ್ಯವಾಗಿತ್ತು, ಅವುಗಳಲ್ಲಿ ಕೆಲವನ್ನು ಅವನು ಕಣ್ಣಾರೆ ಕಾಣದೆಯೂ ಇರಬಹುದಿತ್ತು. ಆಕ್ಸ್‌ಫರ್ಡ್‌ಶೈರ್‌ನ ಕಕ್ಸ್‌ಹ್ಯಾಮ್ ಎಂಬ ಹಳ್ಳಿಯಲ್ಲಂತೂ ಒಡೆಯ ಎಂಬ ಮನುಷ್ಯನೇ ಇರಲಿಲ್ಲ. 13ನೆಯ ಶತಮಾನದ ಉತ್ತರಾರ್ಧದಿಂದ ಅದು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿಗೆ ಸೇರಿತ್ತು.

ನಿಮ್ಮ ಚಿತ್ರದಲ್ಲಿ ಇರುವಂತೆ ಒಂದು ಊರು, ಒಬ್ಬ ಒಡೆಯ, ಮೂರು ಹೊಲ ಎಂಬ ಅಚ್ಚುಕಟ್ಟಾದ ಹೊಂದಾಣಿಕೆ ಇಂಗ್ಲೆಂಡಿನ ನಡುನಾಡಿನ ಎಷ್ಟೋ ಊರುಗಳಲ್ಲಿ ಇದ್ದದ್ದು ನಿಜ. ಆದರೆ 1279ರಲ್ಲಿ ಒಂದನೆಯ ಎಡ್ವರ್ಡ್ ಅರಸನ ಅಪ್ಪಣೆಯಂತೆ ನಡೆದ ದೊಡ್ಡ ಭೂ ವಿಚಾರಣೆಯ ದಾಖಲೆಗಳನ್ನು ರಷ್ಯಾದ ಇತಿಹಾಸಕಾರ ಕೊಸ್ಮಿನ್ಸ್ಕಿ ಒಂದೊಂದಾಗಿ ಪರಿಶೀಲಿಸಿದಾಗ, ಊರಿನ ಗಡಿಯೂ ಮ್ಯಾನರ್‌ನ ಗಡಿಯೂ ಹೊಂದಿಕೊಳ್ಳದ ಕಡೆಗಳು ತೀರ ಸಾಮಾನ್ಯವಾಗಿದ್ದವೆಂದು ಕಂಡುಬಂದಿತು. ನಾರ್ಫೋಕ್‌ನಲ್ಲಿ ಒಂದೇ ಊರನ್ನು ಹಲವು ಒಡೆಯರು ಹಂಚಿಕೊಂಡಿದ್ದರು. ಡೆವನ್ ಮತ್ತು ಕೆಂಟ್‌ನಂಥ ಕಡೆಗಳಲ್ಲಿ ಒತ್ತಾದ ಊರಿನ ಬದಲು ಚದುರಿದ ಒಂಟಿ ಮನೆಗಳೇ ಹೆಚ್ಚು. ಆದ್ದರಿಂದ ಚಿತ್ರವನ್ನು ನಡುನಾಡಿನ ಒಂದು ಮಾದರಿ ಎಂದು ಮಕ್ಕಳಿಗೆ ಹೇಳಿ, ಇಡೀ ಯುರೋಪಿನ ಚಿತ್ರವೆಂದು ಮಾತ್ರ ಹೇಳಬೇಡಿ.

ಇಂಥ ಊರಿನ ಕಟ್ಟಡಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ತಿಳಿದಂತೆ ಒಂದೇ ಒಳ್ಳೆಯ ದಾರಿಯಿದೆ: ಕಾಳಿನ ಜಾಡು ಹಿಡಿದು ಹೋಗುವುದು. ಹೊಲದಿಂದ ಕಣಜಕ್ಕೆ, ಕಣಜದಿಂದ ಗಿರಣಿಗೆ, ಗಿರಣಿಯಿಂದ ಊಟದ ಮನೆಗೆ ಕಾಳು ಸಾಗುವ ದಾರಿಯಲ್ಲಿ ಎಲ್ಲೆಲ್ಲಿ ಒಬ್ಬರು ಕೈಯಿಟ್ಟು ತಮ್ಮ ಪಾಲು ತೆಗೆದುಕೊಳ್ಳುತ್ತಿದ್ದರೋ ಅಲ್ಲೆಲ್ಲ ಒಂದು ಗಟ್ಟಿಮುಟ್ಟಾದ ಕಟ್ಟಡ ನಿಂತಿರುತ್ತದೆ.

ಹೊಲ ಎಂದಾಗ ಬೇಲಿ ಹಾಕಿದ ತುಂಡು ಜಮೀನನ್ನು ಕಲ್ಪಿಸಿಕೊಳ್ಳಬಾರದು. ಊರಿನ ಸುತ್ತ ನೂರಾರು ಎಕರೆಯ ಎರಡು ಅಥವಾ ಮೂರು ಬಯಲು ಹೊಲಗಳಿದ್ದು, ಪ್ರತಿಯೊಂದನ್ನೂ ಉದ್ದನೆಯ ಪಟ್ಟಿಗಳಾಗಿ ಸೀಳಲಾಗುತ್ತಿತ್ತು. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರದೆ ಮೂರೂ ಹೊಲಗಳಲ್ಲಿ ಚದುರಿರುತ್ತಿದ್ದವು. ಅನೇಕ ಕಡೆ ಒಡೆಯನ ಸ್ವಂತ ಭೂಮಿಯೂ ಇವುಗಳ ನಡುವೆಯೇ ಪಟ್ಟಿಪಟ್ಟಿಯಾಗಿ ಇರುತ್ತಿತ್ತು. ಒಂದು ಹೊಲದಲ್ಲಿ ಚಳಿಗಾಲಕ್ಕೆ ಮೊದಲು ಬಿತ್ತುವ ಗೋಧಿ ಅಥವಾ ರೈ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಓಟ್ಸ್, ಬಟಾಣಿ, ಮೂರನೆಯದು ಬೀಳು. ಆ ಬೀಳಿನಲ್ಲಿ ಊರಿನ ದನಕುರಿಗಳು ಮೇಯ್ದು ಗೊಬ್ಬರ ಹಾಕುತ್ತಿದ್ದವು. ಭಾರವಾದ ನೇಗಿಲಿಗೆ ಎಂಟು ಎತ್ತುಗಳನ್ನು ಹೂಡುವುದು ರೂಢಿಯಾಗಿತ್ತು. ಅಷ್ಟು ಎತ್ತುಗಳು ಒಂದೇ ಮನೆಯಲ್ಲಿ ಇರುವುದು ಅಪರೂಪವಾದ್ದರಿಂದ ನೆರೆಹೊರೆಯವರು ಎತ್ತು ಕೂಡಿಸಿಕೊಂಡು ಉಳಬೇಕಾಗಿತ್ತು. ಯಾವಾಗ ಬಿತ್ತಬೇಕು, ಕೊಯ್ಲಿನ ನಂತರ ಯಾವ ದಿನ ದನ ಬಿಡಬೇಕು ಎಂಬುದನ್ನು ಊರು ಒಟ್ಟಾಗಿ ನಿರ್ಧರಿಸದಿದ್ದರೆ ಈ ಬೇಸಾಯ ನಡೆಯುವುದೇ ಸಾಧ್ಯವಿರಲಿಲ್ಲ. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಯಲ್ಲಿ ಇಂಥ ಮೂರು ಬಯಲು ಹೊಲಗಳು ಇಂದಿಗೂ ಬೇಸಾಯದಲ್ಲಿವೆ, ಮತ್ತು ಪ್ರತಿ ವರ್ಷ ನವೆಂಬರ್ ಕೊನೆಯ ವೇಳೆಗೆ ಊರಿನ ಪಂಚರು ಹೊಲಕ್ಕೆ ಹೋಗಿ ಯಾರಾದರೂ ಪಕ್ಕದ ದಾರಿಯನ್ನು ಅಥವಾ ಗಡಿಯನ್ನು ಒತ್ತಿ ಉತ್ತಿದ್ದಾರೆಯೇ ಎಂದು ಪರೀಕ್ಷಿಸಿ, ತಪ್ಪಿದವರಿಗೆ ದಂಡ ಹಾಕಿಸುತ್ತಾರೆ.

ಒಕ್ಕಲುಗಳಲ್ಲಿ ಸ್ವತಂತ್ರರೂ ಇದ್ದರು, ವಿಲೆನ್ ಎಂದು ಕರೆಯುತ್ತಿದ್ದ ಅಸ್ವತಂತ್ರರೂ ಇದ್ದರು. ವಿಲೆನ್ ಮಾರುಕಟ್ಟೆಯಲ್ಲಿ ಕೊಂಡು ತಂದ ಗುಲಾಮನಲ್ಲ. ಅವನಿಗೆ ಮನೆ, ಹಿತ್ತಲು, ಸುಮಾರು 15 ಅಥವಾ 30 ಎಕರೆ ಸಾಗುವಳಿ ಇರುತ್ತಿತ್ತು, ಅದು ಮಗನಿಗೆ ದಾಟುತ್ತಲೂ ಇತ್ತು. ಆದರೆ ಒಡೆಯನ ಅನುಮತಿಯಿಲ್ಲದೆ ಅವನು ಊರು ಬಿಡುವಂತಿರಲಿಲ್ಲ. ಅನೇಕ ಮ್ಯಾನರ್‌ಗಳಲ್ಲಿ ಅವನ ಮನೆಯಿಂದ ಒಬ್ಬರು ವಾರಕ್ಕೆ ಎರಡು ಮೂರು ದಿನ ಒಡೆಯನ ಭೂಮಿಯಲ್ಲಿ ಕೂಲಿಯಿಲ್ಲದೆ ದುಡಿಯಬೇಕಾಗಿತ್ತು, ಮತ್ತು ಸುಗ್ಗಿಯ ದಿನಗಳಲ್ಲಿ, ತನ್ನ ಪೈರೂ ಮಾಗಿ ನಿಂತಿರುವ ಹೊತ್ತಿನಲ್ಲೇ, ಹೆಚ್ಚಿನ ದಿನಗಳ ಬಿಟ್ಟಿ ಇರುತ್ತಿತ್ತು. ಆ ದಿನಗಳಲ್ಲಿ ಒಡೆಯನ ಕಡೆಯಿಂದ ಊಟ ಸಿಗುತ್ತಿತ್ತು ಎಂಬುದನ್ನೂ, ಎಷ್ಟು ರೊಟ್ಟಿ, ಎಷ್ಟು ಏಲ್ ಎಂಬ ಹುಳಿಬರಿಸಿದ ಪಾನೀಯ ಕೊಡಬೇಕು ಎಂಬುದನ್ನೂ ಊರಿನ ಕಟ್ಟಳೆಗಳು ನಿಖರವಾಗಿ ಬರೆದಿಡುತ್ತಿದ್ದವು. ಮಗಳ ಮದುವೆಗೆ ವಿಲೆನ್ ಒಡೆಯನಿಗೆ ಹಣ ಕಟ್ಟಬೇಕಾಗಿತ್ತು. ಅವನು ಸತ್ತಾಗ ಕೊಟ್ಟಿಗೆಯ ಅತ್ಯುತ್ತಮ ಪಶು ಒಡೆಯನ ಪಾಲಾಗುತ್ತಿತ್ತು, ಎರಡನೆಯದು ಅನೇಕ ಕಡೆ ಚರ್ಚಿನ ಪಾದ್ರಿಗೆ ಹೋಗುತ್ತಿತ್ತು. ತಂದೆ ತೀರಿದ ವಾರದಲ್ಲೇ ಉಳುವ ಎತ್ತನ್ನೂ ಕಳೆದುಕೊಂಡ ಒಂದು ಮನೆಯನ್ನು ಮಕ್ಕಳು ಒಮ್ಮೆ ಊಹಿಸಿಕೊಂಡರೆ, ಈ ಕಟ್ಟಳೆಯ ಭಾರ ಅವರಿಗೆ ಅರ್ಥವಾಗುತ್ತದೆ.

ದಿನನಿತ್ಯದ ಆಡಳಿತ ನಡೆಸುತ್ತಿದ್ದವನು ರೀವ್. ಅವನು ಹೊರಗಿನಿಂದ ಬಂದ ಅಧಿಕಾರಿಯಲ್ಲ, ಸಾಮಾನ್ಯವಾಗಿ ಊರಿನ ಅಸ್ವತಂತ್ರ ಒಕ್ಕಲುಗಳಲ್ಲೇ ಒಬ್ಬ. ಬಿತ್ತಿದ್ದು, ಬೆಳೆದದ್ದು, ಮಾರಿದ್ದು, ಸತ್ತ ಕುರಿ, ಒಡೆದ ನೇಗಿಲು, ಕಟ್ಟಿದ ಕೂಲಿ, ಎಲ್ಲದಕ್ಕೂ ಅವನೇ ಹೊಣೆ. ಪ್ರತಿ ವರ್ಷ ಸೆಪ್ಟೆಂಬರ್ 29ರ ಮೈಕಲ್ ಸಂತನ ಹಬ್ಬಕ್ಕೆ ವರ್ಷದ ಲೆಕ್ಕ ಮುಗಿಯುತ್ತಿತ್ತು. ರೀವ್ ನೆನಪಿನಿಂದ ಮತ್ತು ಗುರುತಿನ ಕಚ್ಚು ಹಾಕಿದ ಮರದ ಕಡ್ಡಿಗಳಿಂದ ಹೇಳಿದ್ದನ್ನು ಗುಮಾಸ್ತನೊಬ್ಬ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದನು, ಆಮೇಲೆ ಲೆಕ್ಕ ತಪಾಸಕರು ಬಂದು ಕೊರತೆ ಕಂಡದ್ದನ್ನು ಅವನ ತಲೆಗೆ ಕಟ್ಟುತ್ತಿದ್ದರು. ಕಕ್ಸ್‌ಹ್ಯಾಮ್‌ನಲ್ಲಿ ರಾಬರ್ಟ್ ಓಲ್ಡ್‌ಮನ್ ಎಂಬುವನು 1311ರಿಂದ 1349ರವರೆಗೆ, 38 ವರ್ಷ, ಈ ಹೊಣೆ ಹೊತ್ತನು. ಅವನ ಕಾಲದ ಲೆಕ್ಕಗಳು ಉಳಿದುಬಂದಿರುವುದರಿಂದಲೇ, ಅರಸರ ಹೆಸರು ಬಿಟ್ಟರೆ ಬೇರೆ ಯಾರನ್ನೂ ನೆನಪಿಡದ ಒಂದು ಕಾಲದ ಒಬ್ಬ ರೈತನ ದುಡಿಮೆಯನ್ನು ನಾವು ವರ್ಷವರ್ಷವಾಗಿ ಓದಬಹುದಾಗಿದೆ. ಮಧ್ಯಯುಗದ ಬಗ್ಗೆ ಇದಕ್ಕಿಂತ ಅಮೂಲ್ಯವಾದ ದಾಖಲೆ ಕಡಿಮೆ ಎಂದು ನಾನು ನಂಬುತ್ತೇನೆ.

ಇಷ್ಟೆಲ್ಲ ದುಡಿದರೂ ಗೋಧಿ ಕೊಡುತ್ತಿದ್ದ ಇಳುವರಿ ಬಿತ್ತಿದ್ದಕ್ಕೆ ಸುಮಾರು ನಾಲ್ಕು ಪಟ್ಟು ಮಾತ್ರ. ಅಂದರೆ ನಾಲ್ಕು ಚೀಲ ಬೆಳೆದರೆ ಒಂದು ಚೀಲ ಮುಂದಿನ ಬಿತ್ತನೆಗೆ ಎತ್ತಿಡಬೇಕು; ಒಟ್ಟು ಬೆಳೆಯ ಹತ್ತನೆಯ ಒಂದು ಪಾಲು ಚರ್ಚಿಗೆ; ಹಿಟ್ಟು ಮಾಡಿಸುವಾಗ ಗಿರಣಿಗೆ ಇನ್ನೊಂದು ಪಾಲು; ಇವುಗಳ ಮೇಲೆ ಗೇಣಿ, ದಂಡ. 1315ರಿಂದ 1317ರವರೆಗೆ ಎಡೆಬಿಡದ ಮಳೆಗೆ ಬೆಳೆ ಕೊಳೆತಾಗ ಉತ್ತರ ಯುರೋಪಿನಾದ್ಯಂತ ಅಷ್ಟು ಘೋರವಾದ ಕ್ಷಾಮ ಬಂದದ್ದು ಏಕೆಂದು ಈ ಲೆಕ್ಕವೇ ಹೇಳುತ್ತದೆ.

ಈಗ ಕಟ್ಟಡಗಳಿಗೆ ಬರುತ್ತೇನೆ. ಹೊಲದ ನಂತರದ ನಿಲ್ದಾಣ ಕಣಜ, ಮತ್ತು ಮ್ಯಾನರ್‌ನ ಕಟ್ಟಡಗಳಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದೂ ಅದೇ. ಈಗ ಆಕ್ಸ್‌ಫರ್ಡ್‌ಶೈರ್‌ಗೆ ಸೇರಿರುವ ಗ್ರೇಟ್ ಕಾಕ್ಸ್‌ವೆಲ್‌ನಲ್ಲಿ ಬ್ಯೂಲಿ ಮಠದವರು ಕಟ್ಟಿಸಿದ ಕಲ್ಲಿನ ಕಣಜವೊಂದು ಇಂದಿಗೂ ಭದ್ರವಾಗಿ ನಿಂತಿದೆ. ಅದರ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ, ಅದು 1290ರ ದಶಕದ ಆರಂಭದ್ದೆಂದು ನಿರ್ಧರಿಸಲಾಗಿದೆ. ಉದ್ದ ಸುಮಾರು 46 ಮೀಟರ್, ಅಗಲ 13 ಮೀಟರ್, ಎತ್ತರ 15 ಮೀಟರ್. ಒಳಗೆ ಕಲ್ಲಿನ ಪೀಠಗಳ ಮೇಲೆ ನಿಂತ ಓಕ್ ಮರದ ಕಂಬಗಳ ಎರಡು ಸಾಲು ಇಡೀ ಚಾವಣಿಯನ್ನು ಹೊತ್ತಿವೆ. ಇಂಥ ಕಣಜದಲ್ಲಿ ಕಾಳನ್ನಲ್ಲ, ತೆನೆಸಹಿತವಾದ ಸಿವುಡುಗಳನ್ನು ಒಟ್ಟುತ್ತಿದ್ದರು. ಅಲ್ಲಿನ ಮಳೆಗೆ ನಮ್ಮಲ್ಲಿಯಂತೆ ಬಯಲು ಕಣದಲ್ಲಿ ಒಕ್ಕಣೆ ಮಾಡುವುದು ಸಾಧ್ಯವಿರಲಿಲ್ಲ. ಎದುರುಬದುರಾದ ಎರಡು ದೊಡ್ಡ ಬಾಗಿಲುಗಳ ನಡುವಿನ ನೆಲವೇ ಕಣ. ಚಳಿಗಾಲವಿಡೀ ಅಲ್ಲಿ ಸಿವುಡು ಹರಡಿ ಕೋಲಿನಿಂದ ಬಡಿದು, ಎರಡೂ ಬಾಗಿಲು ತೆರೆದು ಬೀಸುಗಾಳಿಯಲ್ಲಿ ತೂರುತ್ತಿದ್ದರು. ಇಂಥ ಕಣಜಗಳನ್ನೆಲ್ಲ ಚರ್ಚಿನ ದಶಾಂಶ ತುಂಬುವ ಕಣಜ ಎಂದು ಕರೆಯುವ ರೂಢಿ ಬೆಳೆದಿದೆ, ಆದರೆ ಗ್ರೇಟ್ ಕಾಕ್ಸ್‌ವೆಲ್‌ನ ಕಣಜ ಮಠದ ಸ್ವಂತ ಬೇಸಾಯದ ಫಸಲಿಗಾಗಿ ಕಟ್ಟಿದ್ದು.

ಕಣಜದಿಂದ ಗಿರಣಿಗೆ. 1086ರ ಭೂ ಗಣತಿಯಲ್ಲೇ ಇಂಗ್ಲೆಂಡಿನಲ್ಲಿ ಸುಮಾರು 6 ಸಾವಿರ ನೀರಿನ ಗಿರಣಿಗಳು ದಾಖಲಾಗಿವೆ. ಗಾಳಿ ಗಿರಣಿ ಬಂದದ್ದು ಅದಾದ ನೂರು ವರ್ಷಕ್ಕೆ, 1180ರ ದಶಕದಲ್ಲಿ. ಗಿರಣಿ ಕಟ್ಟುವುದು ಖರ್ಚಿನ ಕೆಲಸವಾಗಿತ್ತು. 1330–31ರ ಲೆಕ್ಕದಲ್ಲಿ ನಮ್ಮ ರಾಬರ್ಟ್ ಓಲ್ಡ್‌ಮನ್ ಲಂಡನ್ನಿನವರೆಗೆ ಹೋಗಿ ಗಿರಣಿಯ ಕಲ್ಲುಗಳನ್ನು ಕೊಂಡು ಥೇಮ್ಸ್ ನದಿಯ ದೋಣಿಯಲ್ಲಿ ಹೆನ್ಲಿಯವರೆಗೆ ತರಿಸಿದ ವಿವರವಿದೆ. ಹಾಕಿದ ಹಣ ಹಿಂದಕ್ಕೆ ಬರಬೇಕಲ್ಲ! ಆದ್ದರಿಂದ ವಿಲೆನ್‌ಗಳು ಒಡೆಯನ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕೆಂಬ ಕಟ್ಟಳೆ ಇತ್ತು, ಮತ್ತು ಪ್ರತಿ ಸಲವೂ ಹದಿನಾರನೆಯ ಅಥವಾ ಇಪ್ಪತ್ನಾಲ್ಕನೆಯ ಒಂದು ಪಾಲಿನಂತೆ ಕಾಳನ್ನು ಅಲ್ಲಿಯೇ ಅಳೆದು ಬಿಡಬೇಕಾಗಿತ್ತು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಳ್ಳುವುದು ಅಪರಾಧವಾದದ್ದು ಹೀಗೆ. ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ 1330ರ ದಶಕದ ಆರಂಭದಲ್ಲಿ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಜನರ ಮನೆಗಳಿಂದ ಬೀಸುವ ಕಲ್ಲುಗಳನ್ನು ಕಿತ್ತು ತರಿಸಿ, ಮಠದ ಮಾತುಕತೆಯ ಕೋಣೆಗೆ ಅವುಗಳನ್ನೇ ನೆಲಹಾಸು ಮಾಡಿಸಿದನು. ಖಗೋಳ ಗಡಿಯಾರವನ್ನು ರೂಪಿಸಿದ ಮಹಾ ಗಣಿತಜ್ಞನೂ ಅವನೇ. ಐವತ್ತು ವರ್ಷ ಆ ಕಲ್ಲುಗಳ ಮೇಲೆ ಸನ್ಯಾಸಿಗಳು ಓಡಾಡಿದರು. 1381ರ ರೈತ ದಂಗೆಯಲ್ಲಿ ಪಟ್ಟಣದ ಜನ ಮಠಕ್ಕೆ ನುಗ್ಗಿದಾಗ ಆ ನೆಲವನ್ನೇ ಅಗೆದು, ಕಲ್ಲುಗಳನ್ನು ಚೂರು ಮಾಡಿ, ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಹಂಚುವಂತೆ ತಮ್ಮತಮ್ಮಲ್ಲಿ ಹಂಚಿಕೊಂಡು ಮನೆಗೆ ಒಯ್ದರು. ಅಪ್ಪ ಅಜ್ಜಂದಿರಿಂದ ಕಿತ್ತುಕೊಂಡ ಕಲ್ಲಿನ ನೆನಪು ಆ ಮನೆಗಳಲ್ಲಿ ಎಷ್ಟು ಹಸಿಯಾಗಿ ಉಳಿದಿತ್ತು ಎಂಬುದನ್ನು ಇದು ತೋರಿಸುತ್ತದೆ.

ಒಡೆಯನ ಮನೆಗೆ ಈಗ ಬರಬಹುದು. ಅದು ಕೋಟೆಯಲ್ಲ, ಕೋಟೆ ಇರುವುದು ಸೇನೆಗಾಗಿ, ಮ್ಯಾನರ್ ಮನೆ ಇರುವುದು ಊಟ, ವಾಸ, ಲೆಕ್ಕ, ನ್ಯಾಯಕ್ಕಾಗಿ. ಶ್ರಾಪ್‌ಶೈರ್‌ನ ಸ್ಟೋಕ್‌ಸೇ ಇದಕ್ಕೆ ತಕ್ಕ ಉದಾಹರಣೆ, ಹೆಸರಿನಲ್ಲಿ ಮಾತ್ರ ಅದನ್ನು ಈಗ ಕೋಟೆ ಎನ್ನುತ್ತಾರೆ. ಉಣ್ಣೆ ವ್ಯಾಪಾರದಲ್ಲಿ ಅಪಾರ ಹಣ ಮಾಡಿದ್ದ ಲಾರೆನ್ಸ್ ಆಫ್ ಲಡ್ಲೋ 1281ರಲ್ಲಿ ಆ ಮ್ಯಾನರ್ ಕೊಂಡು, 1291ರಲ್ಲಿ ಗೋಡೆಗಳನ್ನು ಕೋಟೆಯಂತೆ ತೆನೆಗಟ್ಟಿಸಲು ಅರಸನಿಂದ ಅನುಮತಿ ಪಡೆದನು. 1294ರಲ್ಲಿ ಉಣ್ಣೆ ಸಾಗಿಸುತ್ತಿದ್ದ ಹಡಗು ಮುಳುಗಿ ಸತ್ತನು. ಅವನು ಕಟ್ಟಿಸಿದ ಹಜಾರ ಹೆಚ್ಚು ಬದಲಾಗದೆ ಉಳಿದಿದೆ. ಹೊಗೆ ಹೋಗಲು ಗೋಡೆಯಲ್ಲಿ ಚಿಮಣಿಯಿಲ್ಲ. ನೆಲದ ನಡುವೆಯೇ ಒಲೆ, ಹೊಗೆ ಚಾವಣಿಗೆ ಏರಿ ಅಲ್ಲಿಂದ ಹೊರಗೆ. ಇಂಥ ಹಜಾರದ ಮೇಲ್ತುದಿಯಲ್ಲಿ ತುಸು ಎತ್ತರದ ಜಗುಲಿ, ಅಲ್ಲಿ ಒಡೆಯನ ಊಟದ ಮೇಜು. ಕೆಳಗೆ ಕಳಚಿ ಎತ್ತಿಡಬಹುದಾದ ಹಲಗೆ ಮೇಜುಗಳಲ್ಲಿ ಮನೆಯ ಆಳುಕಾಳು, ಅತಿಥಿಗಳು. ಕೆಳತುದಿಯ ಆಚೆ ಒಂದು ಓಣಿ, ಅದಕ್ಕೆ ಅಂಟಿಕೊಂಡು ಪೀಪಾಯಿಗಳ ಕೋಣೆ ಮತ್ತು ರೊಟ್ಟಿಯ ಕೋಣೆ. ಅಡುಗೆಮನೆ ಬೆಂಕಿಯ ಭಯಕ್ಕೆ ಸಾಮಾನ್ಯವಾಗಿ ಪ್ರತ್ಯೇಕವಾಗಿ ಇರುತ್ತಿತ್ತು. ಸ್ಟೋಕ್‌ಸೇಯಲ್ಲಿ ಒಡೆಯನ ಮಹಡಿಯ ಖಾಸಗಿ ಕೋಣೆಗೆ ಹೊರಗಿನ ಮೆಟ್ಟಿಲುಗಳಿಂದ ಹೋಗಬೇಕು, ಮತ್ತು ಆ ಕೋಣೆಯ ಗೋಡೆಯಲ್ಲಿ ಕೆಳಗಿನ ಹಜಾರದಲ್ಲಿ ಏನು ನಡೆಯುತ್ತಿದೆ ಎಂದು ನೋಡಲು ಎರಡು ಸಣ್ಣ ಕಿಟಕಿಗಳಿವೆ. ಒಡೆಯನೂ ಆಳೂ ಒಂದೇ ಸೂರಿನಡಿ ಉಣ್ಣುತ್ತಿದ್ದ ಕಾಲ ನಿಧಾನವಾಗಿ ಹಿಂದೆ ಸರಿಯುತ್ತಿದ್ದುದನ್ನು ಆ ಕಿಟಕಿಗಳಲ್ಲಿ ನಾನು ಕಾಣುತ್ತೇನೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಲಿಂಕನ್‌ಶೈರ್‌ನ ಬೂತ್‌ಬಿ ಪ್ಯಾಗ್ನೆಲ್‌ನಲ್ಲಿ ಸುಮಾರು 1200ರ ಕಾಲದ ಕಲ್ಲಿನ ಮನೆಯಿದೆ. ಕೆಳಗೆ ಕಮಾನಿನ ಉಗ್ರಾಣ, ಮೇಲೆ ದೊಡ್ಡ ಕೋಣೆ. ಆ ಕೋಣೆಯೇ ಹಜಾರವೆಂದು ಬಹುಕಾಲ ಬರೆಯಲಾಗಿತ್ತು. 1990ರ ದಶಕದಲ್ಲಿ ಜಾನ್ ಬ್ಲೇರ್ ಅದನ್ನು ಪ್ರಶ್ನಿಸಿ, ಇಂಥವು ಒಡೆಯನ ಖಾಸಗಿ ಕೋಣೆಗಳು, ಪಕ್ಕದಲ್ಲಿದ್ದ ಮರದ ಹಜಾರ ಅಳಿದುಹೋಗಿದೆ ಎಂದು ವಾದಿಸಿದರು, ನನಗೂ ಅದೇ ಸರಿಯೆನಿಸುತ್ತದೆ. ಕಲ್ಲಿನದು ಉಳಿಯುತ್ತದೆ, ಮರದ್ದು ಹೋಗುತ್ತದೆ. ಉಳಿದದ್ದನ್ನೇ ಎಲ್ಲವೆಂದು ನಂಬಿದರೆ ಮೋಸ ಹೋಗುತ್ತೇವೆ. ಹೊಂಡ ತೋಡಿ ನೀರು ತುಂಬಿಸಿದ ಕಂದಕಗಳ ವಿಷಯವೂ ಹಾಗೆಯೇ. ಇಂಗ್ಲೆಂಡಿನಲ್ಲಿ 5 ಸಾವಿರಕ್ಕೂ ಹೆಚ್ಚು ಕಂದಕದ ಮನೆ ನೆಲೆಗಳು ಗುರುತಾಗಿವೆ, ಬಹುಪಾಲು ಯಾವ ಸೈನ್ಯವನ್ನೂ ತಡೆಯಬಲ್ಲವಲ್ಲ. ಅಂತಸ್ತು ತೋರಿಸಲು, ಮೀನು ಸಾಕಲು, ಕಳ್ಳರನ್ನು ದೂರವಿಡಲು ಅವು ಸಾಕಾಗುತ್ತಿದ್ದವು. ಅಂಗಳದ ಪಾರಿವಾಳದ ಗೂಡೂ ಒಡೆಯನ ವಿಶೇಷ ಹಕ್ಕೇ. ಪಾರಿವಾಳಗಳು ರೈತರ ಹೊಲದಲ್ಲಿ ತಿಂದು ಒಡೆಯನ ತಟ್ಟೆಗೆ ಬರುತ್ತಿದ್ದವು.

ರೈತರ ಮನೆಗಳ ಬಗ್ಗೆ ನಮಗೆ ಹೆಚ್ಚು ಕಲಿಸಿದ್ದು ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಎಂಬ ಪಾಳುಬಿದ್ದ ಹಳ್ಳಿ. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ನೇತೃತ್ವದಲ್ಲಿ 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಅಲ್ಲಿ ಉತ್ಖನನ ನಡೆಯಿತು. ಮನೆಗಳು ಉದ್ದವಾಗಿದ್ದವು, ಕೆಲವುಗಳಲ್ಲಿ ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ, ನಡುವೆ ಅಡ್ಡ ಓಣಿ. ಮಲೆನಾಡಿನ ಹಳೆಯ ಮನೆಗಳನ್ನು ಕಂಡವರಿಗೆ ದನ ಮತ್ತು ಜನ ಒಂದೇ ಸೂರಿನಡಿ ಇರುವುದು ವಿಚಿತ್ರವೆನಿಸಲಾರದು. ಈ ಮನೆಗಳು ಎಷ್ಟು ಕಳಪೆಯೆಂದರೆ ಪ್ರತಿ ತಲೆಮಾರಿಗೆ ಕುಸಿದು ಹೊಸದಾಗಿ ಕಟ್ಟಬೇಕಾಗಿತ್ತು ಎಂದು ಮೊದಲು ಭಾವಿಸಲಾಗಿತ್ತು. ನಂತರದ ಅಧ್ಯಯನ ಇದನ್ನು ತಿದ್ದಿತು: ನೆಲದಿಂದ ಮಾಡಿನ ತುದಿಯವರೆಗೆ ಏರುವ ಬಾಗಿದ ಮರದ ಜೋಡಿ ತೊಲೆಗಳೇ ಚಾವಣಿಯ ಭಾರ ಹೊರುತ್ತಿದ್ದವು, ಗೋಡೆ ಬರೀ ಮರೆ, ಗೋಡೆಯನ್ನು ಮತ್ತೆ ಮತ್ತೆ ಕಟ್ಟಿದರೂ ಮನೆಯ ಚೌಕಟ್ಟು ಅದೇ. ನಡುನಾಡಿನಲ್ಲಿ ಇಂಥ ಚೌಕಟ್ಟಿನ 14, 15ನೆಯ ಶತಮಾನದ ಮನೆಗಳಲ್ಲಿ ಈಗಲೂ ಜನ ವಾಸಿಸುತ್ತಾರೆ. ವಾರಮ್ ಪರ್ಸಿಯ ಮಣ್ಣಿನ ನೆಲಗಳನ್ನು ಎಷ್ಟು ಗುಡಿಸಿದ್ದರೆಂದರೆ ಅವು ನಡುವೆ ಸವೆದು ತಗ್ಗಾಗಿದ್ದವು. ಬೀಗ, ಬೀಗದ ಕೈಗಳೂ ಅಲ್ಲಿ ಸಿಕ್ಕಿವೆ. ಕೊಳಕು ಗುಡಿಸಲಿನಲ್ಲಿ ಪ್ರಾಣಿಯಂತೆ ಬದುಕಿದ ರೈತ ಎಂಬ ಹಳೆಯ ಚಿತ್ರವನ್ನು ನಾನು ತರಗತಿಯಿಂದ ಹೊರಗಿಡಬೇಕೆಂದು ಒತ್ತಿ ಹೇಳುವುದು ಈ ನೆಲಗಳ ಕಾರಣಕ್ಕೆ. ಬದುಕು ಸುಲಭವಿತ್ತೆಂದು ಇದರ ಅರ್ಥವಲ್ಲ. ಅಲ್ಲಿನ ಸ್ಮಶಾನದ ಸುಮಾರು 700 ಅಸ್ಥಿಪಂಜರಗಳು ಮಕ್ಕಳ ಬೆಳವಣಿಗೆ ಇಂದಿನ ಮಕ್ಕಳಿಗಿಂತ ತೀರ ಹಿಂದುಳಿದಿತ್ತೆಂದು ತೋರಿಸಿವೆ.

ಮನೆಯ ಹಿಂದೆ ಹಿತ್ತಲು. ಕೋಸು, ಈರುಳ್ಳಿ, ಬೀನ್ಸ್, ಕೋಳಿ, ಹಂದಿ. ಅಲ್ಲಿಯ ದುಡಿಮೆ ಬಹುಪಾಲು ಹೆಂಗಸರದು. ಅವರು ದಾಖಲೆಗೆ ಬರುವುದು ಹೆಚ್ಚಾಗಿ ಏಲ್ ತಯಾರಿಸಿ ಮಾರಿದ್ದಕ್ಕೆ ದಂಡ ತೆತ್ತಾಗ. ಆ ದಂಡ ವರ್ಷವರ್ಷ ಅದೇ ಹೆಸರುಗಳ ಮೇಲೆ ಬೀಳುವುದನ್ನು ನೋಡಿದರೆ, ಅದು ಶಿಕ್ಷೆಗಿಂತ ಪರವಾನಗಿ ಶುಲ್ಕದಂತೆ ನಡೆಯುತ್ತಿತ್ತೆಂದು ತಿಳಿಯುತ್ತದೆ. ದಂಡ ಹಾಕುತ್ತಿದ್ದ ಸಭೆ ಎಷ್ಟೋ ಕಡೆ ಒಡೆಯನ ಹಜಾರದಲ್ಲೇ ಸೇರುತ್ತಿತ್ತು, ಪಂಚರು ಊರಿನವರೇ.

1348ರಲ್ಲಿ ಬಂದ ಪ್ಲೇಗ್ ಈ ಲೆಕ್ಕವನ್ನೆಲ್ಲ ಕದಡಿತು. 1349ರಲ್ಲಿ ರಾಬರ್ಟ್ ಓಲ್ಡ್‌ಮನ್ ಸತ್ತ. ದುಡಿಯುವ ಕೈಗಳು ಕಡಿಮೆಯಾಗಿ ಕೂಲಿ ಏರಿತು. 1351ರ ಕಾನೂನು ಕೂಲಿಯನ್ನು ಹಳೆಯ ದರದಲ್ಲೇ ಹಿಡಿದಿಡಲು ಯತ್ನಿಸಿತು. 1381ರಲ್ಲಿ ದಂಗೆಯೆದ್ದವರು ಅನೇಕ ಕಡೆ ಮೊದಲು ಸುಟ್ಟದ್ದು ಮ್ಯಾನರ್ ನ್ಯಾಯಸಭೆಯ ಕಡತಗಳನ್ನು. ಕ್ರಮೇಣ ಒಡೆಯರು ಸ್ವಂತ ಬೇಸಾಯ ಬಿಟ್ಟು ಭೂಮಿಯನ್ನು ಗುತ್ತಿಗೆಗೆ ಕೊಟ್ಟರು. ವಾರಮ್ ಪರ್ಸಿಯ ಕೊನೆಯ ಕುಟುಂಬಗಳನ್ನು 1500ರ ಆಸುಪಾಸಿನಲ್ಲಿ ಕುರಿಗಳಿಗಾಗಿ ಎಬ್ಬಿಸಲಾಯಿತು. ಮ್ಯಾನರ್ ಕಟ್ಟಳೆಯಡಿಯ ಹಿಡುವಳಿ ಕಾನೂನಿನಿಂದ ಪೂರ್ತಿ ಅಳಿದದ್ದು ಮಾತ್ರ 1926ರಲ್ಲಿ.

ಮಾದರಿಯ ವಿಷಯಕ್ಕೆ ಬಂದರೆ, ಚಿತ್ರದಲ್ಲಿ ಇರುವ ಕೋಟೆಯನ್ನು ತೆಗೆದು ಹಜಾರದ ಮನೆಯೊಂದನ್ನು ಇಡಿಸಿ, ಪಕ್ಕದಲ್ಲಿ ಬೇರೆ ಸೂರಿನ ಅಡುಗೆಮನೆ. ರೈತರ ಮನೆಗಳನ್ನು ಒಡೆಯನ ಅಂಗಳದೊಳಗೆ ಇಡಬೇಡಿ. ಅವು ಬೀದಿಯ ಎರಡೂ ಬದಿಗೆ, ತಮ್ಮ ಹಿತ್ತಲುಗಳೊಂದಿಗೆ ಇರಲಿ. ಹೊಲದ ಪಟ್ಟಿಗಳಿಗೆ ಮಕ್ಕಳು ಬಣ್ಣ ಹಚ್ಚುವಾಗ ಒಂದೊಂದು ಮನೆಗೆ ಒಂದೊಂದು ಬಣ್ಣ ಕೊಟ್ಟು, ಅದೇ ಬಣ್ಣವನ್ನು ಮೂರೂ ಹೊಲಗಳಲ್ಲಿ ಚದುರಿಸಲು ಹೇಳಿ. ಮತ್ತು ಕಣಜವನ್ನು ಚಿಕ್ಕದಾಗಿ ಮಾಡಬೇಡಿ: ಗ್ರೇಟ್ ಕಾಕ್ಸ್‌ವೆಲ್‌ನ ಅಳತೆಯನ್ನೇ ಹಿಡಿದರೆ ಅದರ ಉದ್ದ ಸ್ಟೋಕ್‌ಸೇಯ ಹಜಾರದ ಉದ್ದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬರಬೇಕು.